ಮೊಳೆ ಕಳಚುವವಳು

ಗೊನೈವ್, ಹೈಟಿ. ೧೯೫೩ರ ಡಿಸೆಂಬರ್.
ನಾಡು ಬಿಡುಗಡೆಯಾಗಿ ನೂರೈವತ್ತು ತುಂಬುತ್ತದೆಂದು
ಶಾಲೆಯ ಹೆಡ್‌ಮಾಸ್ತರು ಒಂದು ಹಾಳೆ ಬೇಕೆಂದರು:
ಫಿಲಡೆಲ್ಫಿಯದ ಘೋಷಣೆ, ಪ್ಯಾರಿಸಿನದು, ನಮ್ಮೂರಿನದು,
ಮೊನ್ನೆ ಮೊನ್ನೆ ಲೋಕವೆಲ್ಲ ಕೂಡಿ ಬರೆದದ್ದು.
ನಾಲ್ಕರಿಂದಲೂ ಆಯ್ದ ಸಾಲು, ಅಕ್ಕಪಕ್ಕ, ಎಲ್ಲ ಫ್ರೆಂಚಿನಲ್ಲಿ.
‘ಮಕ್ಕಳು ಹೋಲಿಸಿ ನೋಡಲಿ.’

ಮುದ್ರಣಾಲಯದ ಒನೆಸೀಮ್ ಸೆನಾತೂಸ್ ಹೂಂ ಎಂದ.
ಅವನಲ್ಲಿದ್ದದ್ದು ಒಂದೇ ಪೆಟ್ಟಿಗೆ ಮೊಳೆ,
ಗೋಡೆಗೆ ಹೊಡೆಯಲಾಗದ, ನೆಲಕ್ಕೆ ಹಾಕಿದರೆ ಚಿಗುರದ ಮೊಳೆ.
ಅದರಲ್ಲೂ ‘ಇ’ ಅಕ್ಷರಕ್ಕೆ ಸದಾ ಬರ;
ಕೋಳಿ ಕಾಳು ಹೆಕ್ಕಿದಂತೆ ‘ಇ’ಗಳನ್ನು ಹೆಕ್ಕಿ ತಿನ್ನುವ ಭಾಷೆ ಫ್ರೆಂಚು.
ಹಾಗಾಗಿ ಒಂದನ್ನು ಅಚ್ಚು ಹಾಕಿ, ಕಳಚಿ,
ಅದೇ ಮೊಳೆಯಲ್ಲಿ ಇನ್ನೊಂದು.
ಜೋಡಿಸುವವನು ಅವನು.
ಕಳಚುವವಳು ನಾನು, ಕ್ಲೆಲಿ.

ಸೀಸದಲ್ಲಿ ಮಾತು ಹಿಂದಕ್ಕೆ ನಡೆಯುತ್ತದೆ.
ಬಿ ಡಿಯಂತೆ, ಪಿ ಕ್ಯೂನಂತೆ ಕಾಣುತ್ತದೆ.
ಸ್ವಾತಂತ್ರ್ಯವನ್ನು ನಾನು ಓದಿದ್ದು ಹಾಗೆ,
ತಿರುಗಾಮುರುಗಾ, ಬೆರಳ ತುದಿಯಲ್ಲಿ.

ಫಿಲಡೆಲ್ಫಿಯ ನಯವಾಗಿ ಕಳಚಿಕೊಂಡಿತು.
ಪಳಗಿದ ವಕೀಲ ಬರೆದ ದೂರಿನ ಹಾಗೆ:
ದೊರೆ ಅದು ಮಾಡಿದ, ದೊರೆ ಇದು ಮಾಡಿದ.
ಎಲ್ಲರೂ ಸರಿಸಮಾನರೆಂಬ ಸಾಲು ಕೈಗೆ ಬಂದಾಗ,
ಆ ಹೊತ್ತು ಇವರ ಕುದುರೆಗೆ ನೀರು ತೋರಿಸುತ್ತಿದ್ದವರು ಯಾರು
ಎಂದುಕೊಂಡೆ. ಸೀಸಕ್ಕೆ ಅದೆಲ್ಲ ಗೊತ್ತಿರುವುದಿಲ್ಲ.

ಒಂದು ಪದ ಮಾತ್ರ ಕಳಚಲಿಲ್ಲ. ‘ಒಮ್’.
ಗಂಡಸು ಎನ್ನಲೂ ಅದೇ, ಮನುಷ್ಯ ಎನ್ನಲೂ ಅದೇ.
ಪ್ಯಾರಿಸಿನದರಲ್ಲಿ ಹೇಗೂ ಬರುತ್ತದಲ್ಲ ಎಂದು
ಇಡಿಯಾಗಿ ಎತ್ತಿ, ದಾರ ಸುತ್ತಿ, ಬದಿಗಿಟ್ಟೆ.
ಬಂತು. ತಲೆಬರಹದಲ್ಲೇ ಬಂತು. ಸಲೀಸಾಗಿ ಕೂತಿತು.
ಎರಡು ವರ್ಷಕ್ಕೆ ಒಬ್ಬ ಹೆಂಗಸು
ಆ ಪದ ಕಿತ್ತು ‘ಹೆಣ್ಣು’ ಎಂದು ಕೂರಿಸಿ ಮತ್ತೆ ಬರೆದಳಂತೆ;
ಇನ್ನೆರಡು ವರ್ಷಕ್ಕೆ, ಬೇರೆ ಯಾವುದೋ ಬರಹಕ್ಕೆ, ಅವಳ ತಲೆ ಹೋಯಿತಂತೆ.
ಒನೆಸೀಮ್ ಹೇಳಿದ, ಶಾಯಿಯುರುಳೆ ಒರೆಸುತ್ತ,
ಪೂರ್ತಿ ಗೊತ್ತಿಲ್ಲದವನ ಧಾಟಿಯಲ್ಲಿ.

ನಮ್ಮೂರಿನದಕ್ಕೆ ನನ್ನ ದಾರದ ಕಟ್ಟು ಬೇಕಾಗಲಿಲ್ಲ.
ಹೆಡ್‌ಮಾಸ್ತರು ಗುರುತಿಟ್ಟ ಸಾಲುಗಳಲ್ಲಿ
ಹಕ್ಕಿನ ಪಟ್ಟಿಯಿಲ್ಲ. ಆಣೆಯಿದೆ. ಸತ್ತವರಿದ್ದಾರೆ.
ಸೇಡು ತೀರಿಸದೆ ಅವರ ಗೋರಿಗಿಳಿದರೆ
ಅವರ ಎಲುಬು ನಿಮ್ಮದನ್ನು ಆಚೆ ತಳ್ಳುತ್ತದೆ, ಹುಷಾರು.
ನನಗೆ ಭಯವಾಯಿತು. ಆದರೂ ನಾಲ್ಕರಲ್ಲಿ ಅದೊಂದನ್ನೇ
ಯಾರೋ ಪಕ್ಕದಲ್ಲಿ ನಿಂತು ಬೈಯುತ್ತಿದ್ದಂತೆ ಕೇಳಿದೆ.
ಇಪ್ಪತ್ತೊಂದು ವರ್ಷದ ಮೇಲೆ ಫ್ರಾನ್ಸು
ಯುದ್ಧದ ಹಡಗುಗಳ ಜೊತೆ ಬಿಲ್ಲು ಕಳಿಸಿತು:
ಹದಿನೈದು ಕೋಟಿ ಫ್ರಾಂಕು, ಕಳೆದುಕೊಂಡ ಆಸ್ತಿಗೆ.
ಆಸ್ತಿಯೆಂದರೆ ಹೊಲ, ಗಾಣ, ನಾವು.

ಕೊನೆಯದಕ್ಕೆ ಕಟ್ಟು ಬಿಚ್ಚಿದೆ. ತಲೆಬರಹದಲ್ಲಿ ‘ಒಮ್’ ಕೂತ.
ಮೊದಲ ಕಲಮಿನ ಹತ್ತಿರ ಒನೆಸೀಮನ ಕೈ ನಿಂತಿತು.
‘ಇಲ್ಲಿ ಬೇರೆ ಇದೆಯಲ್ಲ.’
ಮಾನವ ಜೀವಿಗಳು, ಎಂದಿತ್ತು.
ಅಂದರೆ ಬಾಗಿಲ ಹಲಗೆಯ ಮೇಲೆ ಯಜಮಾನನ ಹೆಸರು ಹಾಗೇ ಇದೆ,
ಒಳಗೆ ಬೆಂಚಿನ ಮೇಲೆ ಮಾತ್ರ ಸರಿದು ಜಾಗ ಬಿಟ್ಟಿದ್ದಾನೆ.
ಎಷ್ಟು ಜಾಗ? ಎಣಿಸಿದೆ.
ಹನ್ನೆರಡು ಮೊಳೆ, ನಡುವೆ ಒಂದು ತೆರಪು.
ಮತದ ಚೀಟಿಗೆ ಅಚ್ಚಿನ ಶಾಯಿ ಬಳಿದಿದ್ದೆ ಎಷ್ಟೋ ಸಲ,
ಒಂದನ್ನೂ ಪೆಟ್ಟಿಗೆಗೆ ಹಾಕಿರಲಿಲ್ಲ.

ಹೊಸವರ್ಷದ ಬೆಳಿಗ್ಗೆ ಅಜ್ಜಿ ಕುಂಬಳದ ಸೂಪು ಕಾಯಿಸಿದಳು.
ಧಣಿಗಳ ಕಾಲದಲ್ಲಿ ಬೇಯಿಸಿದವರೇ ಅದನ್ನು ಬಾಯಿಗಿಡುವ ಹಾಗಿರಲಿಲ್ಲವಂತೆ;
ಆ ದಿನ ಮನೆಮನೆಯಲ್ಲೂ ಅದೇ.
ಫ್ರೆಂಚು ಬಾರದ ಅಜ್ಜಿ ಹಾಳೆಯನ್ನು ಬೆಳಕಿಗೆ ಹಿಡಿದು
‘ಏನಂತೆ, ನಾಲ್ಕೂ?’ ಎಂದಳು.
ನಮ್ಮ ಕ್ರಿಯೋಲಿನಲ್ಲಿ ಹೇಳಹೊರಟೆ.
ಬಾಯಿಗೆ ಬಂದದ್ದು ಅವಳದೇ ಗಾದೆ:
ತು ಮೂನ್ ಸೆ ಮೂನ್. ಮಂದಿಯೆಲ್ಲ ಮಂದಿಯೇ.
‘ಅದು ಗೊತ್ತಿದ್ದದ್ದೇ,’ ಎಂದಳು. ‘ಮುಂದೆ?’

ನಾನು ಸುಮ್ಮನಿದ್ದೆ.
‘ಹೋಗು, ಉಗುರಿನ ಸೀಸ ತೊಳೆದು ಬಾ. ವಿಷ ಅದು.’

ತೊಳೆದೆ. ಕೈ ಒರೆಸಿಕೊಳ್ಳುವಾಗ
ಲಂಗದ ಜೇಬಿನಲ್ಲಿ ಒಂದು ‘ಇ’ ಸಿಕ್ಕಿತು.
ಹಾಳೆ ತೆಗೆದು ನಾಲ್ಕನ್ನೂ ಹುಡುಕಿದೆ.
ಎಲ್ಲೂ ಏನೂ ಬಿಟ್ಟುಹೋದಂತೆ ಕಾಣಲಿಲ್ಲ.