ಷರತ್ತು ಇಪ್ಪತ್ತೇಳು

ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ.
ಹತ್ತಿರದಿಂದಲೂ ನುಣ್ಣಗೆ ಮಾಡಿಸುವುದು ನನ್ನ ಕೆಲಸ:
ಡರ್ಬಿಶೈರ್ ಕೌಂಟಿಯ ಗಣಿ ತಪಾಸಣೆ,
ವರ್ಷಕ್ಕೆ ನಾಲ್ಕು ಭೇಟಿ,
ಹಳದಿ ಕೋಟು, ಉಕ್ಕಿನ ಮೂತಿಯ ಬೂಟು,
ಮಳೆಗೆ ಅಳಿಸದ ಒಂದು ಪೆನ್ಸಿಲು.

ಹಾರ್ಕ್‌ಲೋ ಗಣಿಯಲ್ಲಿ ಸಿಡಿತ ನಿಂತು ಆರು ವರ್ಷ.
ಬೆಟ್ಟ ಅಗೆದು ಇಲಿ ಹಿಡಿದವರಲ್ಲ ಇವರು.
ಬೆಟ್ಟ ಅಗೆದು ಹೆದ್ದಾರಿ ಹಿಡಿದರು, ಸಿಮೆಂಟು ಹಿಡಿದರು,
ಸಕ್ಕರೆಯ ಬಿಳುಪು, ಹಲ್ಲುಜ್ಜುವ ಪೇಸ್ಟಿನ ಬಿಳುಪು
(ಇವತ್ತು ಬೆಳಗ್ಗೆ ನಾನು ಉಗಿದದ್ದರಲ್ಲೂ ಒಂದು ಚಿಟಿಕೆ ಇದ್ದೀತು).
ಉಳಿದದ್ದು ಮೂರು ಮೆಟ್ಟಿಲಿನ ಒಂದು ದೊಡ್ಡ ಬಾವಿ,
ಕೊಡ ಹಿಡಿದು ಇಳಿಯುವವರಿಲ್ಲದ್ದು.

ಎಂಬತ್ತಾರರ ಹಾಳೆ. ಟೈಪ್‌ರೈಟರ್ ಮಸಿ ತುಂಬಿ
ಹೊಟ್ಟೆಯಿರುವ ಅಕ್ಷರಗಳೆಲ್ಲ ಬಸುರಿಯರು.
ಕೆಲಸ ಮುಗಿದ ಮೇಲೆ ತಳವನ್ನು ಸಮ ಮಾಡತಕ್ಕದ್ದು.
ಎತ್ತಿಟ್ಟ ಮೇಲ್ಮಣ್ಣನ್ನು ಒಂದಡಿ ದಪ್ಪ ಹರವತಕ್ಕದ್ದು.
ಹುಲ್ಲು ಬಿತ್ತತಕ್ಕದ್ದು. ಐದು ವರ್ಷ ಆರೈಕೆ ಮಾಡತಕ್ಕದ್ದು.
ತಕ್ಕದ್ದು, ತಕ್ಕದ್ದು, ತಕ್ಕದ್ದು:
ಜಲ್ಲಿ ಒಡೆಯುವ ಯಂತ್ರದ್ದೇ ತಾಳ.

ಮ್ಯಾನೇಜರ್ ಗಾರ್ತ್ ವಿಬ್ಬರ್ಲಿ ಮಣ್ಣಿನ ಗುಡ್ಡೆ ತೋರಿಸಿದ.
ಎತ್ತರ ಮೂರು ಮೀಟರ್ ಮೀರಿಲ್ಲ, ಟೇಪು ಹಿಡಿದು ನೋಡಿದೆ.
ಮೇಲೆ ಸೊಂಟದೆತ್ತರ ತುರಚಿ ಗಿಡ.
"ಡಿಗ್ಗರ್ ಬಾಡಿಗೆಗೆ ಬಂದು ನಿಂತಿದೆ, ಠೇವಣಿ ಬ್ಯಾಂಕಿನಲ್ಲಿದೆ,
ನೀವು ಹೂಂ ಅಂದರೆ ಸೋಮವಾರ ಶುರು.
ಅದಕ್ಕೂ ಮೊದಲು ಕೆಳಗೆ ಬನ್ನಿ.
ನೋಡಿಕೊಂಡು ಹೆಜ್ಜೆ ಇಡಿ."

ತಳದಲ್ಲಿ, ಮಣ್ಣೇ ಇಲ್ಲದ ಬಿಳಿ ಪುಡಿಯಲ್ಲಿ, ಆರ್ಕಿಡ್‌ಗಳು.
ಎಣಿಸಿದೆ: ಇನ್ನೂರಾ ಹದಿಮೂರು.
ಮತ್ತೆ ಎಣಿಸಿದರೆ ಇನ್ನೂರಾ ಇಪ್ಪತ್ತು.
ಒಂದೊಂದು ಹೂವೂ ಹೆಣ್ಣುಜೇನಿನ ವೇಷ ತೊಟ್ಟಿದೆ,
ಕಂದು ಮಖಮಲ್ಲು, ಹಳದಿ ಅಂಚು,
ಗಂಡೊಂದು ಬಂದು ಮರುಳಾಗಲಿ ಎಂದು.
ಆ ಜಾತಿಯ ಗಂಡು ಈ ಸೀಮೆಗೆ ಬರುವುದೇ ಇಲ್ಲ.
ಕಾದು ಕಾದು ಹೂವು
ತನ್ನ ಪರಾಗವನ್ನು ತಾನೇ ಬಾಗಿಸಿ ಮುಟ್ಟಿಸಿಕೊಳ್ಳುತ್ತದೆ,
ಯಾವ ಇಲಾಖೆಯನ್ನೂ ಕೇಳದೆ.

ಇವು ಬಡತನದಲ್ಲೇ ಬಾಳುವಂಥವು.
ಒಂದಡಿ ಮಣ್ಣು ಬಿದ್ದರೆ ಹೂವು ಸತ್ತಿತು,
ಬೀಳದಿದ್ದರೆ ಷರತ್ತು ಸತ್ತಿತು.
ಮಣ್ಣು ಕೊಡುವುದು ಎಂಬ ಮಾತಿಗೆ
ಇನ್ನೊಂದು ಅರ್ಥವೂ ಇದೆಯಲ್ಲ.

ಗೇಟಿನ ಹತ್ತಿರ ಹೆಸ್ಟರ್ ಆಲ್ಸಾಪ್ ಕಾಯುತ್ತಿದ್ದಳು,
ವಯಸ್ಸು ಎಪ್ಪತ್ತೊಂಬತ್ತು, ಬಸ್ ಪಾಸಿನ ಹಿಂದೆ
ನಾಲ್ಕಾಗಿ ಮಡಿಸಿದ ಅದೇ ಹಾಳೆ.
"ಇದು ಲಾಂಗ್ ಡೋಲ್. ಹನ್ನೊಂದು ಎಕರೆ. ನಮ್ಮಪ್ಪನದು.
ಸಭೆಯಲ್ಲಿ ಅಪ್ಪ ಎದ್ದು ನಿಂತು ಹೂಂ ಅಂದದ್ದು
ನಿಮ್ಮ ಇಪ್ಪತ್ತೇಳನೆಯ ಸಾಲು ಓದಿಸಿಕೊಂಡ ಮೇಲೆ.
ಹೂವು ಚೆಂದವೇ, ನಾನೇನು ಕುರುಡಿಯಲ್ಲ.
ನೀವು ಬರೆದುಕೊಟ್ಟದ್ದು ಹೊಲ."

ನನ್ನಲ್ಲಿ ಉತ್ತರ ಇರಲಿಲ್ಲ. ನಮೂನೆಯಲ್ಲಿ ಇತ್ತು:
'ಉಲ್ಲಂಘನೆಯಾಗಿದೆ; ಕ್ರಮ ಜರುಗಿಸುವುದು ಸೂಕ್ತವಲ್ಲ.'
ಅದರ ಮುಂದೆ ಒಂದು ಚೌಕ. ಪೆನ್ಸಿಲು ಅಲ್ಲಿಯವರೆಗೆ ಹೋಯಿತು.

ಅಷ್ಟರಲ್ಲಿ ಅವಳು ತುರಚಿಯನ್ನು ಕೋಲಿನಿಂದ ಸರಿಸಿ,
ಗುಡ್ಡೆಗೆ ಕೈ ಹಾಕಿ, ಒಂದು ಹಿಡಿ ತೆಗೆದು,
ಹಿಸುಕಿದಳು. ಮೂಸಿದಳು.
ಬೆರಳ ಸಂದಿಯಿಂದ ಮರಳು ಮರಳಾಗಿ ಉದುರಿತು,
ನಡುವೆ ಒಂದು ಚೂರು ನೀಲಿ ಪಿಂಗಾಣಿ, ಯಾರದೋ ಬಚ್ಚಲಿನದು.
"ಇದು ನಮ್ಮ ಮಣ್ಣಲ್ಲ.
ನಮ್ಮದು ಹಿಡಿದರೆ ಉಂಡೆ ಕಟ್ಟುತ್ತಿತ್ತು."

ವಿಬ್ಬರ್ಲಿ ತನ್ನ ಬೂಟು ನೋಡಿಕೊಂಡ.
ತಾನು ಬಂದದ್ದು ತೊಂಬತ್ತೆಂಟರಲ್ಲಿ ಎಂದ,
ಅದಕ್ಕೆ ಮುಂಚೆ ಲಾರಿಗಳು ಎಲ್ಲಿಗೆ ಹೋದವೋ ತನಗೆ ತಿಳಿಯದು ಎಂದ,
ಯಾರೂ ಅದನ್ನು ಕೇಳಿರಲಿಲ್ಲ.

ಚೌಕ ಖಾಲಿ ಬಿಟ್ಟೆ. ಹೊಸ ಹಾಳೆ ತಿರುವಿ,
ಕಾರಿನ ಬಾಗಿಲಿಗೆ ಒರಗಿ,
ಪೆನ್ಸಿಲು ಚೂಪು ಮಾಡಿದೆ.
ಹೆಸ್ಟರ್ ಕೈ ಝಾಡಿಸಲಿಲ್ಲ.
ಆ ಹಿಡಿಯನ್ನು ಹಾಗೇ ಚಾಚಿ ಹಿಡಿದಿದ್ದಳು,
ನಾನು ಅಳೆಯಲಿ ಎಂಬಂತೆ.