ಹೆಪ್ಪು

ಬಿ.ಎಂ. ರಸ್ತೆಗೆ ಇನ್ನೂ ಪೂರ್ತಿ ಎಚ್ಚರವಾಗುವ ಮೊದಲು
ಎನ್.ಆರ್. ವೃತ್ತದ ಬಳಿ ಡಿವೈಡರಿನ ಮೇಲೆ ಮಂಡಿಯೂರುತ್ತೇನೆ.
ಕೈಯಲ್ಲಿ ಸಣ್ಣ ಕರಣೆ, ಬಟ್ಟೆ ಚೀಲ, ಪೆನ್ಸಿಲ್ಲು.
ದಾಸವಾಳದ ಬುಡ, ನಾಲ್ಕು ಬೆರಳು ಆಳ,
ಮಾದರಿ ಹದಿನೇಳು.

ಕಿವಿಯೋಲೆ ಬಿದ್ದೋಯ್ತಾ ಅಕ್ಕ, ಹಾಲಿನ ಹುಡುಗ ನಿಲ್ಲಿಸಿ ಕೇಳುತ್ತಾನೆ.
ಇಲ್ಲಪ್ಪ, ಮಣ್ಣು.
ಮಣ್ಣೂ ಕಳೆಯುತ್ತಾ ಎಂದು ನಕ್ಕು ಗಾಡಿ ಒದೆಯುತ್ತಾನೆ,
ಸೈಲೆನ್ಸರಿನ ಉಸಿರು ನನ್ನ ಚೀಲದೊಳಗೂ ಒಂದಿಷ್ಟು.

ಪ್ರಯೋಗಾಲಯದಲ್ಲಿ ನನ್ನದು ದೊಡ್ಡ ಕೆಲಸವೇನಲ್ಲ.
ಜರಡಿ ಹಿಡಿಯುವುದು, ತೂಗುವುದು, ಗಾಜಿನ ಕೊಳವೆಗೆ ಹಾಕಿ
ಬಣ್ಣವಿಲ್ಲದ ಒಂದು ನೀರು ಬಿಟ್ಟು
ಬೆಚ್ಚನೆಯ ಕತ್ತಲಲ್ಲಿ ಒಂದು ಹಗಲು ಒಂದು ಇರುಳು ಮಲಗಿಸುವುದು.
ಉಸಿರಿರುವ ಮಣ್ಣು ಕೆಂಪಗೆ ಎದ್ದು ಬರುತ್ತದೆ,
ಎಲೆಯಡಿಕೆ ಜಗಿದ ಬಾಯಿಯ ಹಾಗೆ.
ಕಾರೇಕೆರೆ ಕಡೆಯ ಆಲೂಗಡ್ಡೆ ಹೊಲದ್ದು ಕೆಂಪು.
ಕೆರೆ ಏರಿಯ ಕೆಳಗಿನದು ಇನ್ನೂ ಕೆಂಪು.
ಹದಿನೇಳು,
ಅಕ್ಕಿ ತೊಳೆದ ನೀರಿಗೆ ಯಾರೋ ಕುಂಕುಮದ ಬೆರಳು ಅದ್ದಿದಷ್ಟು.

ಎರಡನೇ ಸಲ ಮಾಡಿದೆ. ಮೂರನೇ ಸಲವೂ.
ತಪ್ಪು ನನ್ನ ಕೈಯದೇ ಆಗಿರಲಪ್ಪ ಎಂದು ಬೇಡಿಕೊಳ್ಳುವ
ವಿಚಿತ್ರ ನೌಕರಿ ಇದು.

ರಸ್ತೆ ಗುಡಿಸುವ ದ್ಯಾವೀರಮ್ಮ ಪೊರಕೆ ಊರಿ ಕೇಳಿದಳು,
ಏನು ಬಂತವ್ವ ನಿನ್ನ ಲೆಕ್ಕ?
ಡೀಸೆಲ್ಲಿನ ಮಸಿ, ಗಂಧಕ, ಟೈರು ಸವೆದ ಸತು,
ಅದರಿಂದ ಕಿಣ್ವಗಳು... ಎನ್ನುವಾಗ ಗಂಟಲಲ್ಲೇ ಸಿಕ್ಕಿತು ಪದ.
ಪರೀಕ್ಷೆ ಬರೆದ ಮೇಲೆ ಒಮ್ಮೆಯೂ ಬಾಯಿಗೆ ಬಂದಿರಲಿಲ್ಲ.
ಎಲೆಯನ್ನ ಮಣ್ಣು ಮಾಡುತ್ತಲ್ಲ, ಅದು. ಕಣ್ಣಿಗೆ ಕಾಣಲ್ಲ.

ಹೆಪ್ಪು ಅನ್ನು, ಅಂದಳು.

ಅದು ಸತ್ತಿರೋದು ನಂಗೊತ್ತು ಕಣವ್ವ.
ಹೋದ್ವರ್ಷ ಶಿವರಾತ್ರೀಲಿ ಉದುರಿದ ಹೊಂಗೆ ಎಲೆ
ಈ ಯುಗಾದಿ ದಾಟಿದ್ರೂ ಎಲೆಯಾಗೇ ಐತೆ.
ಮೊದ್ಲೆಲ್ಲ ಬುಡಕ್ಕೆ ತಳ್ಳಿದ್ರೆ ಸಾಕು,
ಎರಡು ಮಳೆ ಬೀಳೋದ್ರೊಳಗೆ ಮಣ್ಣೇ ಉಂಡ್ಕಳದು.
ಈಗ ವರ್ಷವೆಲ್ಲ ಅದೇ ಎಲೆ ಗುಡಿಸ್ತಾ ಇವ್ನಿ.

ಅವಳು ಮೂಗಿಗೆ ಕಟ್ಟಿದ ಬಟ್ಟೆಯ ಮೇಲೆ
ಎರಡು ಹೊಳ್ಳೆಯ ಅಳತೆಗೆ ಎರಡು ಕಪ್ಪು ಗುರುತು.
ಅದಕ್ಕೆ ಮಾದರಿ ಸಂಖ್ಯೆಯಿಲ್ಲ.

ಸೋಮವಾರ, ದೀಪ ಹಚ್ಚುವ ಹೊತ್ತು,
ಸೊಸೆಯ ಊಟದ ಡಬ್ಬಿಯಲ್ಲಿ
ತನ್ನ ಹಿತ್ತಲ ತಿಪ್ಪೆಯ ತಳದ ಮಣ್ಣು ತಂದಳು.
ಕರ್ರಗೆ, ಬೆಚ್ಚಗೆ. ಗಾಬರಿಬಿದ್ದ ಒಂದು ಎರೆಹುಳು.
ಮುಸ್ಸಂಜೇಲಿ ಹೆಪ್ಪು ಕೊಟ್ರೆ
ಮನೆ ಲಕ್ಷ್ಮಿ ಹಿಂದೇನೇ ಹೊರಟೋಯ್ತಾಳೆ ಅಂತಾರೆ.
ನಮ್ಮನೆಗೆ ಬಂದಿದ್ರೆ ತಾನೇ. ತಗೋ.

ಕುದಿವ ಹಾಲಿಗೆ ಹೆಪ್ಪು ನಿಲ್ಲುವುದಿಲ್ಲ ಎಂದು ಹೇಳಬೇಕಿತ್ತು.
ಸಿಗ್ನಲ್ಲು ಹಸಿರಾಗಿ, ಎರಡೂ ಕಡೆ ಲಾರಿಗಳು ಒಟ್ಟಿಗೆ ಉಸಿರು ಬಿಟ್ಟು,
ನಾವಿಬ್ಬರೂ ಸೆರಗು ಬಾಯಿಗೊತ್ತಿ
ದಾಸವಾಳದ ಬುಡ ಕೆದಕಿದೆವು.

ಮೇಲೆ ಎಂಟು ಹೊಂಗೆ ಎಲೆ ಹಾಸಿ
ಗಾಜಿಗೆ ಬರೆವ ಪೆನ್ನಿನಲ್ಲಿ ಒಂದರಿಂದ ಎಂಟು ಎಂದು ಬರೆದಿದ್ದೆ.
ನಿನ್ನೆ ಬಗ್ಗಿ ನೋಡಿದೆ. ಏಳು ಹಾಗೇ ಇವೆ.
ಐದನೆಯದು ಸಿಗಲಿಲ್ಲ.
ಮಣ್ಣು ಉಂಡಿತೋ, ಬಸ್ಸಿನ ಗಾಳಿಗೆ ಹಾರಿತೋ,
ದ್ಯಾವೀರಮ್ಮನನ್ನು ಕೇಳಬೇಕು.
ಅವಳು ಇವತ್ತು ಬಂದಿಲ್ಲ. ಕೆಮ್ಮಂತೆ.