ಕಸಮೀನು

ಜುಲೈ ಕೊನೆ. ಮಲ್ಪೆಯ ಧಕ್ಕೆಯಲ್ಲಿ
ಬೋಟುಗಳಿಗೆಲ್ಲ ನೀಲಿ ಟಾರ್ಪಾಲು.
ಒಂದರ ಮೇಲೆ ಮೂರು ಬಣ್ಣದ ಪುಚ್ಚೆ,
ಕಪ್ಪು, ಕಿತ್ತಳೆ, ನಡುನಡುವೆ ಬಿಳಿ,
ಯಾರೋ ಪೇಂಟಿನ ಕೈ ಒರೆಸಿಕೊಂಡ ಹಾಗೆ.

ಮಣಿಪಾಲದಿಂದ ಬಸ್ಸು ಹಿಡಿದು ಬಂದಿದ್ದೇನೆ
ಒಣ ನಂಗ್ ತೆಗೆದುಕೊಳ್ಳಲು.
"ನೀನು ಎಂತ ಓದುವುದು ಅಲ್ಲಿ?" ವಾರಿಜಕ್ಕ,
ಪ್ರತಿ ಸಲದ ಹಾಗೆ.
"ಫಿಶ್" ಅಂದೆ.
ನಕ್ಕರು. ತಕ್ಕಡಿಯೂ ಸ್ವಲ್ಪ ನಕ್ಕಿತು.
ಹೌದು ಮಾರಾಯ್ರೆ, ಪ್ರಯೋಗದ ಹೆಸರೇ ಅದು:
ಜೀವಕೋಶದ ಕತ್ತಲಿಗೆ ಹೊಳೆಯುವ ಗಾಳ ಇಳಿಸಿ
ಒಂದು ಆರ್‌ಎನ್‌ಎ ಎಲ್ಲಿ ಕೂತಿದೆ ಎಂದು ಹುಡುಕುವುದು.

ಬೇರೆಯವು ಓಲೆ ಹಿಡಿದು ಹೊರಗೆ ಓಡುತ್ತವೆ,
ಓದಿಸಿಕೊಂಡು ಪ್ರೋಟೀನ್ ಕಟ್ಟಿಸುತ್ತವೆ.
ಇದು ಬಾಗಿಲು ದಾಟುವುದಿಲ್ಲ.
ಉದ್ದವೇನೋ ಉಂಟು, ಸಾವಿರ ಸಾವಿರ ಅಕ್ಷರ,
ಒಂದು ಪ್ರೋಟೀನಿನ ಸುದ್ದಿಯೂ ಇಲ್ಲ.
ಇಂಥವನ್ನು ನನ್ನ ಗುರುಗಳ ಗುರುಗಳು
ಕಸ ಅಂತ ಬದಿಗಿಟ್ಟರು,
ನೀವು ಬಲೆ ಕೊಡವಿ
ಹೆಸರಿಲ್ಲದ ಮೀನನ್ನೆಲ್ಲ
ಹುಡಿಯ ಮಿಲ್ಲಿಗೆ ತಳ್ಳುವಂತೆ.

ಹೆಣ್ಣಿನ ಕೋಶದಲ್ಲಿ ಎಕ್ಸ್ ಎರಡು.
ಎರಡೂ ಬಾಯಿಬಿಟ್ಟರೆ ಏಲಂ ಹೊತ್ತಿನ ಗದ್ದಲ.
ಮರಿ ಇನ್ನೂ ಸಾಸಿವೆಯಷ್ಟೂ ಇಲ್ಲದಾಗ
ಕೋಶಕೋಶದಲ್ಲೂ ಒಂದು ಎಕ್ಸ್
ತನ್ನೊಳಗಿಂದಲೇ ಈ ನೂಲು ತೆಗೆದು
ತನ್ನ ಮೇಲೇ ಹೊದೆದು
ಮುದುಡಿ, ಸುಮ್ಮನಾಗುತ್ತದೆ.
ಇಲ್ಲಿ ಮಲಗಿದ್ದು ಕಪ್ಪಿನದು: ಈ ಬೆನ್ನು ಕಿತ್ತಳೆ.
ಅಲ್ಲಿ ಕಿತ್ತಳೆಯದು: ಆ ಕಿವಿ ಕಪ್ಪು.
ಬಿಳಿ ಬೇರೆ ಕತೆ, ಇನ್ನೊಂದು ದಿನ ಹೇಳುವೆ.

"ಯಾವುದು ಮಲಗಬೇಕು ಅಂತ ಹೇಳುವುದು ಯಾರು?"
ಯಾರೂ ಇಲ್ಲ. ಚೀಟಿ ಎತ್ತಿದ ಹಾಗೆ.
ಎತ್ತಿದ್ದನ್ನು ಮಾತ್ರ
ಮಕ್ಕಳು ಮೊಮ್ಮಕ್ಕಳು ಕೋಶಗಳೂ ಮರೆಯುವುದಿಲ್ಲ.

ನಂಗನ್ನು ಪೇಪರಿನಲ್ಲಿ ಸುತ್ತುತ್ತ, "ನನ್ನೊಳಗೂ ಉಂಟಾ?"
ಉಂಟು. ರಾತ್ರಿ ಎರಡು ಗಂಟೆಗೆ ಮೈಕ್ರೋಸ್ಕೋಪಿನಲ್ಲಿ
ನೋಡುತ್ತೇನಲ್ಲ, ಕೋಶದ ನಡುಮನೆಯ ಗೋಡೆಗೆ ಒರಗಿದ
ಕೆಂಪಗಿನ ಒಂದು ಮೋಡ. ನಿಮ್ಮದಲ್ಲ,
ಯಾರದೋ. ಹೆಸರಿಲ್ಲ, ನಂಬರು ಮಾತ್ರ.

"ಹಾಗಾದರೆ ಅರ್ಧ ನಾನು ಸತ್ತ ಹಾಗೆಯಾ?"

ಉತ್ತರ ಓದಿದ್ದೆ, ಬಾಯಿಗೆ ಬರಲಿಲ್ಲ.
ಅವರೇ ಬೋಟುಗಳ ಕಡೆ ಕತ್ತು ತಿರುಗಿಸಿದರು.
ಟಾರ್ಪಾಲಿನಡಿ ಇಂಜಿನು ಹಾಗೇ ಉಂಟು,
ಮೂತಿಯ ಮೇಲೆ ಬರೆದ ಹೆಸರೂ.
ಅಂಡವಾಗುವ ಕೋಶದಲ್ಲಿ ಮಾತ್ರ, ಅಂದೆ,
ಆ ಹೊದಿಕೆ ಪೂರಾ ಕಳಚುತ್ತದೆ.

"ಪುಚ್ಚೆಯ ಹೊಟ್ಟೆ ನೋಡು, ಇನ್ನೊಂದು ವಾರ,"
ಬಾಲ ಮುರಿದ ಒಣ ಬೂತಾಯಿ ಒಂದನ್ನು ಎಸೆದರು.
ಕಪ್ಪು ಕಿವಿ ಮೊದಲು ತಿರುಗಿತು.